ಚೀನೀ ಔಷಧಿ, ಬೇರು-ನಾರು, ಕಷಾಯ: ನೆಂಟರು ಫ್ರೆಂಡ್ಸು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಸಾಗರದ ಕಡೆಯೋಳು, ಸಿಂಗಾಪುರಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ನಮ್ಮ ಬ್ಲಾಕ್ ಕೆಳಗೇ ಒಂದು ಹಳೇ ಚೈನೀಸ್ ಮೆಡಿಕಲ್ ಹಾಲ್ ಇದೆ, ಅಂದ್ರೆ ಚೀನೀ ಔಷಧಿ ಅಂಗಡಿ, ಪಕ್ಕದ ಮನೆ ಆಂಟಿ ಕ್ಯಾಂಟನೀಸ್ ಪೈಕಿ, ಎಂಬತ್ತರ ಹತ್ರ ವಯಸ್ಸು, ದಿನಾ ಏನಾದ್ರೂ ಒಂದು ಕುದಿಸ್ತಾನೇ ಇರ್ತಾರೆ. ನಾನು ಡಾಕ್ಟರ್ ಅಲ್ಲ, ವೈದ್ಯೆನೂ ಅಲ್ಲ. ಆದ್ರೆ ಊರಿಗೆ ಹೋದಾಗೆಲ್ಲ, ವಾಟ್ಸಾಪಲ್ಲೂ, ಅದೇ ಅದೇ ಪ್ರಶ್ನೆ ಬರತ್ತೆ, ಅದಕ್ಕೆ ಒಂದೇ ಸಲ ಬರೆದಿಟ್ರೆ ಎಲ್ಲರಿಗೂ ಇದನ್ನೇ ಕಳಿಸ್ಬಹುದು ಅಂತ ಕೂತೆ.

ಇದು ನಮ್ಮ ಆಯುರ್ವೇದದ ಥರಾನೇನಾ?

ಥರಾನೇ, ಆದ್ರೆ ಅದೇ ಅಲ್ಲ. ನಮ್ಮಲ್ಲಿ ವಾತ ಪಿತ್ತ ಕಫ, ಅವರಲ್ಲಿ ಯಿನ್ ಯಾಂಗ್, ಮೈಯೊಳಗೆ ಓಡಾಡೋ ಛಿ ಅನ್ನೋ ಶಕ್ತಿ, ಐದು ಧಾತು. ಲೆಕ್ಕಾಚಾರ ಬೇರೆ. ಆದ್ರೆ ಮನೆ ಮಟ್ಟಕ್ಕೆ ಇಳಿದು ಬಂದ್ರೆ ಎರಡೂ ಒಂದೇ ಭಾಷೆ ಮಾತಾಡತ್ತೆ, ಉಷ್ಣ ಮತ್ತು ತಂಪು. ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ ಬಾಯಲ್ಲಿ ಹುಣ್ಣಾಗಿತ್ತು, ಆಂಟಿ ನೋಡಿದ ತಕ್ಷಣ "ಹೀಟಿ, ಟೂ ಹೀಟಿ, ರಾತ್ರಿ ನಿದ್ದೆಗೆಟ್ಟಿದ್ದೀಯ, ಕರಿದಿದ್ದು ತಿಂದಿದ್ದೀಯ" ಅಂದ್ರು. ನಮ್ಮಜ್ಜಿ ಇದ್ದಿದ್ರೂ ಅದೇ ಡೈಲಾಗು, ಹೀಟಾಗಿದೆ ಮಜ್ಜಿಗೆ ಕುಡಿ ಅಂತಿದ್ರು, ಆಂಟಿ ಸೇವಂತಿಗೆ ಟೀ ಕೊಟ್ರು ಅಷ್ಟೇ ವ್ಯತ್ಯಾಸ. ದೂರಿಯನ್ ಹಣ್ಣು ಉಷ್ಣ, ಅದ್ರ ಮೇಲೆ ಮ್ಯಾಂಗೋಸ್ಟೀನ್ ತಿಂದ್ರೆ ತಂಪು ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ನಮ್ಮಲ್ಲಿ ಹಲಸಿನಹಣ್ಣಿಗೆ ಜೇನುತುಪ್ಪ ಹಚ್ಕೊಂಡು ತಿನ್ನೋಕೆ ಒಬ್ಬೊಬ್ರು ಒಂದೊಂದು ಕಾರಣ ಕೊಡಲ್ವಾ, ಹಂಗೆ.

ಛಿ, ಯಿನ್ ಯಾಂಗ್ ಎಲ್ಲ ನಂಬ್ಬೇಕಾ?

ನಂಬದೇ ಇದ್ರೂ ಶುಂಠಿ ನೀರು ಕುಡೀಬಹುದು. ನಾನು ಅದನ್ನ ಹಳೇ ಕಾಲದ ಜನ ಮೈಯನ್ನ ಅರ್ಥ ಮಾಡ್ಕೊಳ್ಳೋಕೆ ಹಾಕ್ಕೊಂಡ ನಕ್ಷೆ ಅಂತ ತಗೋತೀನಿ. ನಕ್ಷೆಲಿರೋ ಗೆರೆ ನೆಲದ ಮೇಲೂ ಇರತ್ತೆ ಅಂತ ಹುಡುಕೋಕೆ ಹೋಗಲ್ಲ.

ಐದು ಸಾವಿರ ವರ್ಷ ಹಳೇದು ಅಂತಾರಲ್ಲ, ನಿಜಾನಾ?

ಅದು ಜಾಹೀರಾತಿನ ಲೆಕ್ಕ. ಶೆನ್‌ನಾಂಗ್ ಅನ್ನೋ ಪುರಾಣದ ರಾಜ ನೂರಾರು ಗಿಡ ತಿಂದು ನೋಡಿ ಯಾವುದು ಮದ್ದು ಯಾವುದು ವಿಷ ಅಂತ ಹೇಳಿದ ಅಂತ ಕಥೆ. ಅವನ ಹೆಸರಲ್ಲಿರೋ ಗ್ರಂಥ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಹಾನ್ ರಾಜವಂಶದ ಕಾಲದ್ದು, ಅದ್ರಲ್ಲಿ 365 ವಸ್ತು ಇದೆ. ವರ್ಷಕ್ಕೆಷ್ಟು ದಿನಾನೋ ಅಷ್ಟು. ಅದನ್ನ ಮೂರು ದರ್ಜೆ ಮಾಡಿದ್ದಾರೆ: ದಿನಾ ತಿಂದ್ರೂ ತೊಂದ್ರೆ ಇಲ್ಲದ್ದು 120, ನೋಡ್ಕೊಂಡು ತಿನ್ಬೇಕಾದ್ದು 120, ಕಾಯಿಲೆ ಇದ್ರೆ ಮಾತ್ರ ಅನ್ನೋ ವಿಷದ ಬಾಬ್ತು 125. ಈ ಮೂರು ದರ್ಜೆ ವಿಷಯ ತಲೇಲಿ ಇಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಆಮೇಲೆ 16ನೇ ಶತಮಾನದಲ್ಲಿ ಲಿ ಶಿಜೆನ್ ಅಂತ ಒಬ್ಬ ವೈದ್ಯ, ಇಪ್ಪತ್ತೇಳು ವರ್ಷ ಕೂತು ಬೆನ್‌ಚಾವ್ ಗಾಂಗ್‌ಮು ಅನ್ನೋ ಔಷಧಿ ಗ್ರಂಥ ಬರೆದ. 1,892 ವಸ್ತು, ಹನ್ನೊಂದು ಸಾವಿರ ಚಿಲ್ಲರೆ ಯೋಗಗಳು, ಅಂದ್ರೆ ಏನೇನು ಸೇರಿಸಿ ಔಷಧಿ ಮಾಡೋದು ಅನ್ನೋ ಪಟ್ಟಿಗಳು. 1578ರಲ್ಲಿ ಮುಗಿಸಿದ್ದು, ಅಚ್ಚಾಗಿದ್ದು 1596ರಲ್ಲಿ, ಅಷ್ಟೊತ್ತಿಗೆ ಅವನು ತೀರ್ಕೊಂಡು ಮೂರು ವರ್ಷ ಆಗಿತ್ತು ಪಾಪ. ಈಗ ನಾವು ಕಾಲೇಜು, ಡಿಗ್ರಿ, ಸಿಲೆಬಸ್ ಅಂತ ನೋಡೋ ಟಿಸಿಎಂ (ಟ್ರೆಡಿಷನಲ್ ಚೈನೀಸ್ ಮೆಡಿಸಿನ್) ಇದ್ಯಲ್ಲ, ಅದು ಮಾತ್ರ ಮಾವೋ ಸರ್ಕಾರ 1950ರ ದಶಕದಲ್ಲಿ ಜೋಡಿಸಿ ನಿಲ್ಲಿಸಿದ್ದು. 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಜೌ, ಚೆಂಗ್ಡು ನಾಲ್ಕು ಕಡೆ ಕಾಲೇಜು ಶುರುವಾಯ್ತು. ಅಂದ್ರೆ ಬೇರು ಹಳೇದು, ಪ್ಯಾಕೆಟ್ ಹೊಸದು.

ಮೆಡಿಕಲ್ ಹಾಲ್ ಒಳಗೆ ಏನಿರತ್ತೆ?

ಮೊದಲು ವಾಸನೆ. ನಮ್ಮೂರ ಗ್ರಂಧಿಗೆ ಅಂಗಡಿ ವಾಸನೆ ನೆನಪಿದ್ಯಾ, ಬಜೆ, ಹಿಪ್ಪಲಿ, ಹಳೇ ಗೋಣಿಚೀಲ ಎಲ್ಲ ಸೇರಿದ್ದು, ಹತ್ತಿರ ಹತ್ತಿರ ಅದೇ. ಗೋಡೆ ತುಂಬ ಪುಟ್ಟ ಪುಟ್ಟ ಮರದ ಡ್ರಾಯರ್‌ಗಳು, ಅದಕ್ಕೆ ನೂರು ಮಕ್ಕಳ ಕಪಾಟು ಅಂತ ಹೆಸರು. ಒಂದೊಂದು ಡ್ರಾಯರ್ ಒಳಗೂ ಮತ್ತೆ ಎರಡು ಮೂರು ಖಾನೆ. ಹೊರಗೆ ಹೆಸರು ಬರೆದಿದ್ರೂ ಅಂಗಡಿ ಅಂಕಲ್ಲು ನೋಡೋದೇ ಇಲ್ಲ, ಕೈ ತಾನಾಗೇ ಹೋಗತ್ತೆ.

ಚೀಟಿ ಕೊಟ್ರೆ ಕೌಂಟರ್ ಮೇಲೆ ಕಾಗದ ಹಾಸ್ತಾರೆ, ಮೂರು ದಿನದ ಔಷಧಿ ಅಂದ್ರೆ ಮೂರು ಕಾಗದ. ಕೈಯಲ್ಲಿ ತೆಳ್ಳನೆ ಕೋಲಿನ ತಕ್ಕಡಿ, ಒಂದೇ ತಟ್ಟೆ, ಇನ್ನೊಂದು ಕಡೆ ದಾರದಲ್ಲಿ ನೇತಾಡೋ ಪುಟ್ಟ ತೂಕದ ಬಟ್ಟು, ಅದನ್ನ ಕೋಲಿನ ಮೇಲೆ ಸರಿಸಿ ಸರಿಸಿ ತೂಗ್ತಾರೆ. ಅವರ ಅಳತೆ ಚಿಯೆನ್, ಹಳೇ ಲೆಕ್ಕದಲ್ಲಿ ಮೂರೂ ಮುಕ್ಕಾಲು ಗ್ರಾಂ ಹತ್ರ, ಅಂದ್ರೆ ನಮ್ಮ ಒಂದು ತೊಲಕ್ಕೆ ಸುಮಾರು ಮೂರು ಚಿಯೆನ್. ಮೂರು ದಿನದ್ದನ್ನ ಒಟ್ಟಿಗೇ ತೂಗಿ ಆಮೇಲೆ ಮೂರು ಕಾಗದಕ್ಕೂ ಕಣ್ಣಂದಾಜಲ್ಲಿ ಉದುರಿಸ್ತಾರೆ. ಬೇರು ಒಂದು ಕಡೆ, ಹೂವು ಒಂದು ಕಡೆ, ಒಂದರ ಮೇಲೊಂದು ಕಲಸಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಕಟ್ಟೋ ಮುಂಚೆ ಚೀಟಿ ಜೊತೆ ಇನ್ನೊಂದು ಸಲ ತಾಳೆ ನೋಡ್ಬೇಕಲ್ಲಮ್ಮ ಅಂದ್ರು. ಈಗ ಎಷ್ಟೋ ಕಡೆ ಇದೆಲ್ಲ ಹೋಗಿ ಪುಡಿ ಸ್ಯಾಶೆ ಬಂದಿದೆ, ಬಿಸಿನೀರಿಗೆ ಹಾಕಿ ಕಲಸಿದ್ರೆ ಆಯ್ತು. ಅನುಕೂಲನೇ. ಆದ್ರೆ ಏನು ಕುಡೀತಿದ್ದೀವಿ ಅಂತ ಕಣ್ಣಿಗೆ ಕಾಣಲ್ಲ.

ಚೀಟಿ ಬರೆಯೋ ವೈದ್ಯರು ನಾಲಿಗೆ ನೋಡ್ತಾರೆ, ನಾಡಿ ಹಿಡೀತಾರೆ, ಮಣಿಕಟ್ಟಲ್ಲಿ ಮೂರು ಬೆರಳು ಮೂರು ಜಾಗದಲ್ಲಿ, ಎರಡೂ ಕೈ. ಸಿಂಗಾಪುರದಲ್ಲಿ 2000ನೇ ಇಸವಿಯಲ್ಲಿ ಇದಕ್ಕೆ ಕಾಯ್ದೆ ಬಂತು, ರಿಜಿಸ್ಟರ್ ಆಗದೇ ಪ್ರಾಕ್ಟೀಸ್ ಮಾಡೋ ಹಾಗಿಲ್ಲ. 1867ರಲ್ಲಿ ಶುರುವಾದ ಥಾಂಗ್ ಚಾಯ್ ಅನ್ನೋ ಧರ್ಮಾಸ್ಪತ್ರೆ ಜಾತಿ ಜನಾಂಗ ನೋಡದೇ ಬಡವರಿಗೆ ನೋಡೋದು ಇಲ್ಲಿ ತುಂಬ ಹೆಸರುವಾಸಿ.

ವೈದ್ಯರ ಹತ್ರ ಹೋಗದೇ ಮನೇಲಿ ಏನೇನು ಇಟ್ಕೋಬಹುದು?

ಅಡುಗೆ ಸಾಮಾನಿನ ಥರ ಬಳಸೋದನ್ನ ಮಾತ್ರ. ಚೀನಾ ಸರ್ಕಾರನೇ ಇದಕ್ಕೊಂದು ಪಟ್ಟಿ ಮಾಡಿದೆ, ಆಹಾರವೂ ಹೌದು ಔಷಧಿಯೂ ಹೌದು ಅನ್ನೋ ವಸ್ತುಗಳದ್ದು. 2002ರಲ್ಲಿ 87 ಇತ್ತು, 2023ರಲ್ಲಿ ಇನ್ನೂ ಒಂಬತ್ತು ಸೇರಿಸಿದ್ರು. ನಮ್ಮನೆ ಡಬ್ಬದಲ್ಲಿ ಇರೋದು ಇಷ್ಟು:

ಸೇವಂತಿಗೆ ಒಣ ಹೂವು, ಹಾಂಗ್‌ಜೌ ಕಡೆಯ ಬಿಳೀದು. ಐದಾರು ಹೂವು ಬಿಸಿನೀರಿಗೆ ಹಾಕಿ ಮುಚ್ಚಿಡೋದು. ಕಂಪ್ಯೂಟರ್ ನೋಡಿ ನೋಡಿ ಕಣ್ಣುರಿ ಬಂದಾಗ ಕುಡೀತೀವಿ. ಕಣ್ಣಿಗೆ ಎಷ್ಟು ಒಳ್ಳೇದೋ ಆ ದೇವರಿಗೇ ಗೊತ್ತು, ಹತ್ತು ನಿಮಿಷ ಸ್ಕ್ರೀನ್ ಬಿಟ್ಟು ಎದ್ದು ಹೋಗ್ತೀನಲ್ಲ ಅದೇ ಅರ್ಧ ಔಷಧಿ ಇರ್ಬಹುದು.

ಕೆಂಪು ಖರ್ಜೂರ. ಇದು ನಮ್ಮ ಖರ್ಜೂರ ಅಲ್ಲವೇ ಅಲ್ಲ, ಎಲಚಿ ಹಣ್ಣಿನ ದಾಯಾದಿ, ಚೀನಾದ ಎಲಚಿ ಒಣಗಿಸಿದ್ದು. ಬೀಜ ತೆಗೆದು ಶುಂಠಿ ಜೊತೆ ಕುದಿಸಿದ್ರೆ ಮಳೆಗಾಲಕ್ಕೆ ಸೊಗಸು. ಶುಗರ್ ಇರೋರು ಲೆಕ್ಕ ಇಟ್ಕೊಳ್ಳಿ, ಸಿಹಿ ಸಿಹಿನೇ, ಮೂಲಿಕೆ ಅಂತ ಶುಗರ್ ರಿಯಾಯಿತಿ ಕೊಡಲ್ಲ.

ಗೋಜಿ. ನಿಂಗ್‌ಶಿಯಾ ಪ್ರಾಂತ್ಯದ್ದು ಹೆಸರುವಾಸಿ. ಬದನೆ ಟೊಮೇಟೊ ಕುಲದ ಗಿಡ, ಸಣ್ಣ ಕೆಂಪು ದ್ರಾಕ್ಷಿ ಥರ ಇರತ್ತೆ. ಊರಲ್ಲಿ ಸೂಪರ್ ಫುಡ್ ಅಂತ ಪುಟ್ಟ ಡಬ್ಬಿಗೆ ದುಬಾರಿ ರೇಟಿಗೆ ಮಾರ್ತಾರೆ, ಇಲ್ಲಿ ಆಂಟಿ ಅದನ್ನ ಸೂಪಿಗೆ ಒಗ್ಗರಣೆ ಸಾಸಿವೆ ಥರ ಎಸೀತಾರೆ.

ಚೆನ್‌ಪಿ, ಅಂದ್ರೆ ಹಳೇ ಕಿತ್ತಳೆ ಸಿಪ್ಪೆ. ಇದು ನನ್ನ ಫೇವರಿಟ್. ಗುವಾಂಗ್‌ಡಾಂಗ್‌ನ ಶಿನ್‌ಹುಯಿ ಅನ್ನೋ ಕಡೆಯದ್ದು, ಕಮ್ಮಿ ಅಂದ್ರೂ ಮೂರು ವರ್ಷ ಹಳೇದಾಗಿರ್ಬೇಕು, ಇಪ್ಪತ್ತು ವರ್ಷದ್ದಾದ್ರೆ ಬೆಲೆ ಕೇಳ್ಬೇಡಿ. ನಮ್ಮಲ್ಲಿ ಹಳೇ ಉಪ್ಪಿನಕಾಯಿ ಭರಣಿ ಬಗ್ಗೆ ಅಜ್ಜಿಯರಿಗೆ ಇರೋ ಜಂಬ ಅವರಿಗೆ ಸಿಪ್ಪೆ ಬಗ್ಗೆ. ಹೊಟ್ಟೆ ಭಾರ ಆದಾಗ ಒಂದು ಚೂರು ನೆನೆಸಿ ಒಳಗಿನ ಬಿಳಿ ಕೆರೆದು ಕುದಿಸ್ತಾರೆ. ನಾನು ಒಂದ್ಸಲ ಅದ್ರಲ್ಲಿ ಸಿಪ್ಪೆ ಗೊಜ್ಜು ಮಾಡಿ ಆಂಟಿಗೆ ಕೊಟ್ಟೆ, ತಿಂದು ಐದು ನಿಮಿಷ ಮಾತೇ ಆಡ್ಲಿಲ್ಲ, ಆಮೇಲೆ ಇಷ್ಟು ಹಳೇ ಸಿಪ್ಪೆಗೆ ಮೆಣಸಿನಕಾಯಿ ಹಾಕ್ತಾರಾ ಯಾರಾದ್ರೂ ಅಂದ್ರು.

ಇನ್ನು ತಾವರೆ ಬೀಜ, ಶುಂಠಿ, ಪುದೀನ ಎಲ್ಲ ನಿಮ್ಗೆ ಗೊತ್ತಿರೋದೇ.

ಕಷಾಯ ಹೇಗೆ ಕುದಿಸೋದು?

ಮಣ್ಣಿನ ಮಡಕೆ ಬೇಕು, ಒಂದು ಹಿಡಿ ಒಂದು ಮೂತಿ ಇರೋದು. ಕಬ್ಬಿಣದ ಬಾಣಲೆ ಬೇಡ ಅಂತಾರೆ, ಇಲ್ದಿದ್ರೆ ಸ್ಟೀಲೋ ಗಾಜಿಂದೋ ನಡೆಯತ್ತೆ. ಮೂಲಿಕೆನ ಅರ್ಧ ಗಂಟೆ ತಣ್ಣೀರಲ್ಲಿ ನೆನೆಸೋದು, ನೀರು ಎರಡು ಬೆರಳು ಮೇಲೆ ನಿಲ್ಬೇಕು, ಒಂದು ಕುದಿ ಬಂದ್ಮೇಲೆ ಸಣ್ಣ ಉರಿ. ಕ್ಯಾಂಟನೀಸ್ ಮನೆಗಳ ಲೆಕ್ಕ ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳೀಬೇಕು, ಇದನ್ನ ಕೇಳಿ ನಂಗೆ ನಗು ಬಂತು, ನಮ್ಮಮ್ಮನೂ ನಾಲ್ಕು ಲೋಟ ಒಂದು ಲೋಟಕ್ಕೆ ಬರೋವರೆಗೂ ಒಲೆ ಮುಂದಿಂದ ಏಳ್ಬೇಡ ಅಂತಿದ್ರಲ್ಲ. ಸೋಸಿದ ಮೇಲೆ ಚರಟ ಎಸೆಯಲ್ಲ, ಮತ್ತೆ ನೀರು ಹಾಕಿ ಇನ್ನೊಂದು ಸಲ ಕುದಿಸಿ ಎರಡನ್ನೂ ಸೇರಿಸ್ತಾರೆ, ಬೆಳಿಗ್ಗೆ ಅರ್ಧ ಸಂಜೆ ಅರ್ಧ.

ಎಲ್ಲಾನೂ ಒಟ್ಟಿಗೆ ಹಾಕೋ ಹಾಗಿಲ್ಲ. ಚಿಪ್ಪು, ಕಲ್ಲಿನಂಥವು ಮೊದಲು. ಪುದೀನದಂಥ ಘಮದ ಎಲೆ ಕೊನೇ ಐದು ನಿಮಿಷಕ್ಕೆ, ಇಲ್ದಿದ್ರೆ ಗುಣ ಎಲ್ಲ ಆವಿಯಾಗಿ ಪಕ್ಕದ ಮನೆಗೆ ಹೋಗತ್ತೆ. ಗಂಟಲಿಗೆ ಸಿಗೋ ಸಣ್ಣ ಬೀಜ ಬಟ್ಟೆಲಿ ಕಟ್ಟಿ. ಇನ್ನು ಫೂಜಿ ಅಂತ ಒಂದಿದೆ, ನಮ್ಮ ವತ್ಸನಾಭಿ ಕುಲದ್ದು, ಶುದ್ಧ ವಿಷ, ಸಂಸ್ಕಾರ ಮಾಡಿ ತುಂಬ ಹೊತ್ತು ಕುದಿಸಿದ ಮೇಲೆ ಮಾತ್ರ ಔಷಧಿ. ಕುದಿ ಕಮ್ಮಿ ಆಗಿ ಹೃದಯದ ಬಡಿತ ತಪ್ಪಿ ಆಸ್ಪತ್ರೆ ಸೇರಿದೋರಿದ್ದಾರೆ. ಮೂರನೇ ದರ್ಜೆ ಅಂದ್ನಲ್ಲ, ಇದೇ ಅದು. ಮನೆ ಪ್ರಯೋಗ ಬೇಡವೇ ಬೇಡ.

ನೆಗಡಿ, ಜ್ವರಕ್ಕೆ ಏನು ಕುಡೀತಾರೆ?

ಯಾವ ನೆಗಡಿ ಅಂತ ಮೊದಲು ಕೇಳ್ತಾರೆ. ಚಳಿ ಚಳಿ ಆಗಿ ಮೂಗಲ್ಲಿ ನೀರು ಸುರೀತಿದ್ರೆ ಥಂಡಿ ನೆಗಡಿ, ಬಿಸಿ ಕೊಡೋದು ಬೇಕು: ಶುಂಠಿ, ಈರುಳ್ಳಿ ಸೊಪ್ಪಿನ ಬಿಳಿ ಬುಡ. ಗಂಟಲು ಉರಿದು ಕಫ ಹಳದಿ ಆಗಿದ್ರೆ ಉಷ್ಣದ ನೆಗಡಿ, ತಂಪಿನದು ಬೇಕು.

ಥಂಡಿ ನೆಗಡಿಗೆ ಅತೀ ಹಳೇ ಯೋಗ ಗುಯಿಝಿ ಕಷಾಯ, ಹದಿನೆಂಟು ಶತಮಾನದ ಹಿಂದೆ ಝಾಂಗ್ ಝೋಂಗ್‌ಜಿಂಗ್ ಅನ್ನೋ ವೈದ್ಯ ಬರೆದಿದ್ದು. ದಾಲ್ಚಿನ್ನಿ ಮರದ ಎಳೆ ಕಡ್ಡಿ, ಪಿಯೋನಿ ಬೇರು, ಜೇಷ್ಠಮಧು, ಹಸಿ ಶುಂಠಿ, ಹನ್ನೆರಡು ಕೆಂಪು ಖರ್ಜೂರ. ಇಷ್ಟೇ. ಆದ್ರೆ ನನಗೆ ಇಷ್ಟ ಆಗಿದ್ದು ಅದ್ರ ಕೆಳಗೆ ಬರೆದಿರೋ ಸೂಚನೆ: ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ಬಿಸಿ ತೆಳು ಗಂಜಿ ಕುಡೀಬೇಕು, ಹೊದ್ದು ಮಲಗ್ಬೇಕು, ಮೈ ಸಣ್ಣಗೆ ಬೆವರ್ಬೇಕು ಆದ್ರೆ ನೀರಿಳಿಯೋ ಹಂಗೆ ಬೆವರ್ಬಾರ್ದು, ಹಸಿದು ತಣ್ಣಂದು ಮಾಂಸ ಹೆಂಡ ಈರುಳ್ಳಿ ಬೆಳ್ಳುಳ್ಳಿಯಂಥದ್ದು ಬಿಡ್ಬೇಕು. ಗಂಜಿ, ಕಂಬಳಿ, ಪಥ್ಯ. ನಾವು ಜ್ವರ ಬಂದಾಗ ಮಾಡ್ತಿದ್ದಿದ್ದು ಬೇರೆ ಏನು ಹೇಳಿ. ನಮ್ಮಲ್ಲಿ ಉಪ್ಪಿನಕಾಯಿ ನೆಂಚ್ಕೊಳ್ಳೋಕೆ ಬಿಡ್ತಿದ್ರು, ಅದೊಂದು ಸುಖ.

ಉಷ್ಣದ್ದಕ್ಕೆ ಇನ್ನೊಂದು, 1798ರ ಒಂದು ಗ್ರಂಥದ್ದು, ಸಾಂಗ್ ಜು ಯಿನ್. ಸಾಂಗ್ ಅಂದ್ರೆ ಹಿಪ್ಪುನೇರಳೆ, ಜು ಅಂದ್ರೆ ಸೇವಂತಿಗೆ. ಅದಕ್ಕೆ ಪುದೀನ ಜೇಷ್ಠಮಧು ಇನ್ನೂ ನಾಲ್ಕು ಸೇರತ್ತೆ. ಹಿಪ್ಪುನೇರಳೆ ಎಲೆ, ಹಣ್ಣು, ಎಳೆ ರೆಂಬೆ, ಬೇರಿನ ತೊಗಟೆ ನಾಲ್ಕೂ ಅವರ ಔಷಧಿಲಿ ಬೇರೆ ಬೇರೆ ಡ್ರಾಯರ್.

ಮೂರು ದಿನದಲ್ಲಿ ಜ್ವರ ಇಳೀದಿದ್ರೆ, ಉಸಿರು ಕಟ್ಟಿದ್ರೆ, ಡೆಂಗಿ ಸೀಸನ್ ಆಗಿದ್ರೆ ಕಷಾಯ ಪಕ್ಕಕ್ಕಿಟ್ಟು ರಕ್ತ ಪರೀಕ್ಷೆಗೆ ಹೋಗಿ. ಇಲ್ಲಿನ ಚೀನೀಯರೂ ಅದನ್ನೇ ಮಾಡೋದು.

ನಮ್ಮ ತೋಟ ಗದ್ದೇಲಿ ಸಿಗೋದು ಏನಾದ್ರೂ ಆ ಡ್ರಾಯರ್‌ಗಳಲ್ಲಿ ಇದ್ಯಾ?

ಅಯ್ಯೋ, ಬೇಕಾದಷ್ಟು! ಮೊದಲ ಸಲ ನೋಡಿದಾಗ ನಂಗೆ ಆಶ್ಚರ್ಯ ಆಗಿದ್ದು ಅಡಿಕೆ. ಅದಕ್ಕೆ ಬಿಂಗ್ಲಾಂಗ್ ಅಂತಾರೆ, ಹೊಟ್ಟೆ ಹುಳಕ್ಕೆ, ಅಜೀರ್ಣಕ್ಕೆ. ಅಷ್ಟೇ ಅಲ್ಲ, ನಾವು ಸುಲಿದು ತೋಟದ ಮೂಲೆಲಿ ರಾಶಿ ಹಾಕೋ ಅಡಿಕೆ ಸಿಪ್ಪೆ ಇದ್ಯಲ್ಲ, ಅದಕ್ಕೂ ಒಂದು ಡ್ರಾಯರ್ ಇದೆ, ದಾಫುಪಿ ಅಂತ, ಹೊಟ್ಟೆ ಉಬ್ಬರಕ್ಕೆ, ಮೈ ಊತಕ್ಕೆ. ಅಪ್ಪಂಗೆ ಫೋನ್ ಮಾಡಿ ಹೇಳಿದ್ರೆ ನಂಬ್ಲೇ ಇಲ್ಲ, ಕೆಜಿಗೆ ಎಷ್ಟಂತೆ ಅಂತ ಕೇಳಿದ್ರು. ಹಂಗಂತ ಅಡಿಕೆ ಅಗೆಯೋದು ಔಷಧಿ ಅಂತ ವಾದಕ್ಕೆ ಬರ್ಬೇಡಿ. ಚೀನಾದ ಹುನಾನ್ ಪ್ರಾಂತ್ಯದವರೂ ನಮ್ಮ ಥರಾನೇ ಅಗೀತಾರೆ, ಬಾಯಿ ಕ್ಯಾನ್ಸರ್ ಕಾರಣಕ್ಕೆ 2021ರಲ್ಲಿ ಅಲ್ಲಿ ಟಿವಿ ರೇಡಿಯೋದಲ್ಲಿ ಅಡಿಕೆ ಜಾಹೀರಾತೇ ನಿಲ್ಸಿದ್ರು. ಅಡಿಕೆ ದುಡ್ಡಲ್ಲೇ ಓದಿದೋಳು ಹೇಳ್ತಿದ್ದೀನಿ.

ಗದ್ದೆ ಬದುಲಿ ಎಷ್ಟು ಕಿತ್ರೂ ಹೋಗದ ಕೊನ್ನಾರಿ ಗಡ್ಡೆ, ಅದು ಶಿಯಾಂಗ್‌ಫು. ವಿನೆಗರಲ್ಲಿ ಹುರಿದು ಮುಟ್ಟಿನ ಹೊಟ್ಟೆನೋವಿಗೆ ಕೊಡ್ತಾರೆ. ಲಿ ಶಿಜೆನ್ ಅದನ್ನ ಹೆಣ್ಮಕ್ಕಳ ಕಾಯಿಲೆಗಳ ಸೇನಾಪತಿ ಅಂತ ಕರೆದಿದ್ದಾನೆ, ನಮ್ಮಲ್ಲಿ ಅದಕ್ಕೆ ಬೈಗುಳ ಬಿಟ್ರೆ ಇನ್ನೇನೂ ಸಿಕ್ಕಿಲ್ಲ. ಹಿಪ್ಪಲಿ ಅಲ್ಲಿ ಬಿಬೋ, ಅದು ಪಿಪ್ಪಲಿ ಅನ್ನೋ ನಮ್ಮ ಶಬ್ದನೇ ಹಡಗು ಹತ್ತಿ, ಬೆಟ್ಟ ದಾಟಿ ಹೋಗಿ ಹಂಗಾಗಿದ್ದು. ಅಳಲೆಕಾಯಿನೂ ಹೋಗಿದೆ, ಶ್ರೀಗಂಧನೂ ಹೋಗಿದೆ, ಚಂದನ ಅನ್ನೋದು ಅಲ್ಲಿ ಝಾನ್‌ತಾನ್ ಆಯ್ತು.

ಇನ್ನೊಂದು ಕೇಳಿ, ರಾಮನಗರ ಚಿಕ್ಕಬಳ್ಳಾಪುರ ಕಡೆ ರೇಷ್ಮೆ ಸಾಕೋರಿಗೆ ಸುಣ್ಣಕಟ್ಟು ರೋಗ ಅಂದ್ರೆ ಎದೆ ಧಸಕ್ ಅನ್ನತ್ತಲ್ವಾ, ಹುಳ ಸತ್ತು ಬಿಳಿ ಬೂಷ್ಟು ಹಿಡಿದು ಸೀಮೆಸುಣ್ಣದ ಕಡ್ಡಿ ಥರ ಆಗೋದು. ಆ ಸತ್ತ ಹುಳನೇ ಇಲ್ಲಿ ಬಾಯ್‌ಜಿಯಾಂಗ್‌ಛಾನ್ ಅನ್ನೋ ಔಷಧಿ, ಫಿಟ್ಸು, ಗಂಟಲು ಊತಕ್ಕೆ. ಚೀನಾದಲ್ಲಿ ಇದಕ್ಕೋಸ್ಕರನೇ ಹುಳಕ್ಕೆ ಬೇಕಂತಲೇ ಆ ಬೂಷ್ಟು ತಗುಲಿಸ್ತಾರೆ.

ವೆಜಿಟೇರಿಯನ್ಸ್ ತಗೋಬಹುದಾ?

ಮೇಲಿಂದು ಓದಿದ್ರೆ ಗೊತ್ತಾಗತ್ತೆ ಕೇಳಿ ತಗೋಬೇಕು ಅಂತ. ಎರೆಹುಳ, ಜೀರುಂಡೆ ಕಳಚಿದ ಸಿಪ್ಪೆ, ಕುದುರೆ ಮೀನು ಎಲ್ಲ ಇದೆ. ಎಜಿಯಾವ್ ಅಂತ ಕಂದು ಬಿಲ್ಲೆ ಮಾರ್ತಾರೆ, ರಕ್ತ ವೃದ್ಧಿಗೆ ಅಂತ, ಅದು ಕತ್ತೆ ಚರ್ಮ ಬೇಯಿಸಿ ಮಾಡಿದ ಅಂಟು. ಅದಕ್ಕೋಸ್ಕರ ಆಫ್ರಿಕಾದಲ್ಲಿ ಕತ್ತೆಗಳು ಖಾಲಿಯಾಗ್ತಾ ಬಂದು 2024ರಲ್ಲಿ ಆಫ್ರಿಕನ್ ಒಕ್ಕೂಟ ಚರ್ಮದ ವ್ಯಾಪಾರನೇ ನಿಷೇಧಿಸ್ತು. ಘೇಂಡಾಮೃಗದ ಕೊಂಬು, ಹುಲಿ ಮೂಳೆ 1993ರಲ್ಲೇ ಚೀನಾ ನಿಷೇಧಿಸಿದೆ, ಚಿಪ್ಪುಹಂದಿ ಚಿಪ್ಪನ್ನ 2020ರ ಅಧಿಕೃತ ಔಷಧಿ ಪಟ್ಟಿಯಿಂದ ತೆಗೆದ್ರು. ಆದ್ರೂ ಕಳ್ಳಸಾಗಣೆ ನಿಂತಿಲ್ಲ. ಈ ವಿಷಯದಲ್ಲಿ ನನಗೆ ಯಾವ ಸಂಪ್ರದಾಯದ ಮೇಲೂ ಕರುಣೆ ಇಲ್ಲ. ಚೀಟಿ ಬರೆಸುವಾಗಲೇ ಪ್ರಾಣಿದು ಬೇಡ ಅಂತ ಹೇಳಿ, ಬೌದ್ಧ ಸಸ್ಯಾಹಾರಿಗಳು ಇಲ್ಲಿ ತುಂಬ ಜನ ಇದ್ದಾರೆ, ವೈದ್ಯರಿಗೆ ಹೊಸದೇನಲ್ಲ.

ಟೈಗರ್ ಬಾಮ್‌ನಲ್ಲಿ ಹುಲಿ?

ಇಲ್ಲ ಮಾರಾಯ್ರೇ. ಕರ್ಪೂರ, ಮೆಂಥಾಲ್, ಲವಂಗದೆಣ್ಣೆ ಇತ್ಯಾದಿ. ರಂಗೂನಿನ ಒಬ್ಬ ಚೀನೀ ವೈದ್ಯರ ಮನೆಯದ್ದು, ಮಗನ ಹೆಸರಲ್ಲಿ ಹುಲಿ ಇತ್ತು ಅದಕ್ಕೆ ಬಾಮಿಗೂ ಬಂತು.

ಬರುವಾಗ ಜಿನ್ಸೆಂಗ್ ತಂದ್ಕೊಡು, ಸುಸ್ತಿಗೆ ಒಳ್ಳೇದಂತೆ?

ಪ್ರತೀ ಸಲ ಒಬ್ರಾದ್ರೂ ಕೇಳ್ತಾರೆ, ಸಾಮಾನ್ಯವಾಗಿ ಗಂಡಸರು, ಸ್ವಲ್ಪ ತಗ್ಗಿದ ದನಿಯಲ್ಲಿ. ಜಿನ್ಸೆಂಗ್ ಎರಡು ಥರ. ಚೀನಾ ಕೊರಿಯಾದ್ದು ಉಷ್ಣ, ಅಮೆರಿಕದ್ದು ತಂಪು ಅಂತ ಲೆಕ್ಕ. ಅಮೆರಿಕದ್ದು ಬಂದಿದ್ದೇ ಒಂದು ಕಥೆ. 1711ರಲ್ಲಿ ಚೀನಾದಲ್ಲಿದ್ದ ಒಬ್ಬ ಜೆಸ್ಯೂಟ್ ಪಾದ್ರಿ ಈ ಗಿಡದ ಬಗ್ಗೆ ಪತ್ರ ಬರೆದು ಕೆನಡಾದಲ್ಲೂ ಇಂಥದ್ದು ಇರ್ಬಹುದು ಅಂದ್ರು, ಅದನ್ನ ಓದಿದ ಇನ್ನೊಬ್ರು ಪಾದ್ರಿ 1716ರಲ್ಲಿ ಮಾಂಟ್ರಿಯಲ್ ಹತ್ರ ಕಾಡಲ್ಲಿ ಹುಡುಕಿ ನಿಜಕ್ಕೂ ಕಂಡುಹಿಡಿದ್ರು. 1784ರಲ್ಲಿ ಅಮೆರಿಕದಿಂದ ಚೀನಾಕ್ಕೆ ಹೊರಟ ಮೊದಲನೇ ಹಡಗಲ್ಲಿ ಸುಮಾರು ಮೂವತ್ತು ಟನ್ ಇದೇ ಬೇರು ಇತ್ತಂತೆ.

ಸುಸ್ತಿಗೆ ತರೋ ಮುಂಚೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಚೆಕ್ ಮಾಡ್ಸಿ. ನಮ್ಮ ಮಾವನೋರಿಗೆ ಸುಸ್ತು ಅಂತ ಜಿನ್ಸೆಂಗ್ ತರ್ಸಿದ್ದು ಕೊನೆಗೆ ನೋಡಿದ್ರೆ ಬಿ12 ಕಮ್ಮಿ. ನಿದ್ದೆ ಬರದೋರು, ಬಿಪಿ ಜಾಸ್ತಿ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಇದ್ರ ತಂಟೆಗೆ ಹೋಗ್ಬೇಡಿ. ಜಿನ್ಸೆಂಗ್ ತಿನ್ನೋ ದಿನ ಮೂಲಂಗಿ ತಿನ್ಬಾರ್ದು ಅಂತನೂ ಇಲ್ಲಿ ಒಂದು ನಿಯಮ ಇದೆ, ಅಂದ್ರೆ ಮೂಲಂಗಿ ಹುಳಿ ಬಂದ್. ಅಶ್ವಗಂಧನ ಇಂಡಿಯನ್ ಜಿನ್ಸೆಂಗ್ ಅಂತ ಮಾರೋದು ಬರೀ ಹೆಸರಿನ ನೆಂಟಸ್ತನ, ಗಿಡಗಳಿಗೆ ಏನೂ ಸಂಬಂಧ ಇಲ್ಲ.

ಕೂದಲು ಕಪ್ಪಾಗೋಕೆ ಏನೋ ಇದ್ಯಂತಲ್ಲ?

ಹಶೌವು. ಹ ಅನ್ನೋ ಮುದುಕ ಇದನ್ನ ತಿಂದು ತಲೆಕೂದಲು ಕಪ್ಪಾಯ್ತು ಅಂತ ಹೆಸರಲ್ಲೇ ಕಥೆ ಇದೆ. ಇದ್ರಿಂದ ಲಿವರ್ ಕೆಟ್ಟ ಕೇಸುಗಳು ಎಷ್ಟೋ ದಾಖಲಾಗಿವೆ, ಚೀನಾದ ಔಷಧಿ ಇಲಾಖೆನೇ ಎಚ್ಚರಿಕೆ ಕೊಟ್ಟಿದೆ. ಗೋರಂಟಿ ಹಚ್ಕೊಳ್ಳಿ.

ತೂಕ ಇಳ್ಸೋ ಚೈನೀಸ್ ಟೀ?

ಇದನ್ನ ನಾನು ಸ್ವಂತ ಅನುಭವದಿಂದ ಹೇಳ್ಬಲ್ಲೆ, ಹೇಳೋಕೆ ನಾಚಿಕೆ ಆದ್ರೂ. ತಂಗಿ ಮದುವೆಗೆ ಎರಡು ತಿಂಗಳು ಇತ್ತು, ಆನ್‌ಲೈನಲ್ಲಿ ಒಂದು ಚಂದದ ಡಬ್ಬಿ, ಮೇಲೆ ತಾವರೆ ಹೂವು, ತರ್ಸಿದೆ. ಮೊದಲ್ನೇ ದಿನ ಒಂದು ಕಪ್. ರಾತ್ರಿ ಎರಡು ಗಂಟೆಯಿಂದ ಬೆಳಿಗ್ಗೆ ಹತ್ತರವರೆಗೂ ನಾನು ಎಲ್ಲಿದ್ದೆ ಅಂತ ಹೇಳ್ಬೇಕಾಗಿಲ್ಲ. ಡಬ್ಬಿ ಹಿಂದೆ ಸಣ್ಣ ಅಕ್ಷರ ಆಂಟಿ ಕೈಲಿ ಓದ್ಸಿದ್ರೆ ಫಾನ್‌ಶಿಯೆಯೆ, ಅರ್ಥ ವಿದೇಶಿ ಭೇದಿ ಎಲೆ. ಅಂದ್ರೆ ಸೋನಾಮುಖಿ! ಇಂಡಿಯಾದಲ್ಲೇ ಬೆಳೆದು ಹೊರಗೆ ಹೋಗೋ ಸೊಪ್ಪು. ಅದನ್ನ ನಾನು ಡಾಲರ್ ಕೊಟ್ಟು ಕೊಂಡಿದ್ದೆ. ಇಳಿದಿದ್ದು ಬರೀ ನೀರು, ಮೂರು ದಿನಕ್ಕೆ ವಾಪಸ್ ಬಂತು.

ನಂದು ನಗೆಪಾಟಲು, ಎಲ್ಲರದ್ದೂ ಹಂಗಲ್ಲ. 1990ರ ದಶಕದ ಶುರುವಲ್ಲಿ ಬೆಲ್ಜಿಯಂನಲ್ಲಿ ತೂಕ ಇಳ್ಸೋ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯ್ತು. ಫಾಂಗ್‌ಜಿ ಅನ್ನೋ ಒಂದೇ ಹೆಸರಲ್ಲಿ ಎರಡು ಬೇರೆ ಗಿಡ ನಡೀತಿತ್ತು, ಒಂದರ ಬದಲು ಇನ್ನೊಂದು ಸೇರಿ ಅರಿಸ್ಟೊಲೋಕಿಕ್ ಆಸಿಡ್ ಅನ್ನೋ ವಿಷ ಒಳಗೆ ಹೋಯ್ತು, ಅದು ಕಿಡ್ನಿ ತಿನ್ನತ್ತೆ, ಕ್ಯಾನ್ಸರೂ ತರತ್ತೆ. ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಹಾವು ಬರದೇ ಇರ್ಲಿ ಅಂತ ನೆಡೋ ಈಶ್ವರಿ ಬಳ್ಳಿನೂ ಅದೇ ಕುಲ. ಬೇಲಿ ಮೇಲೆ ಇರ್ಲಿ, ಕಷಾಯಕ್ಕೆ ಬೇಡ.

ಬಿಪಿ, ಶುಗರ್ ಮಾತ್ರೆ ಜೊತೆ ತಗೋಬಹುದಾ? ನ್ಯಾಚುರಲ್ ಅಲ್ವಾ?

ವತ್ಸನಾಭಿನೂ ನ್ಯಾಚುರಲ್ಲೇ. ಜೇಷ್ಠಮಧು ಬಹಳಷ್ಟು ಚೀನೀ ಯೋಗಗಳಲ್ಲಿ ಇರತ್ತೆ, ವಾರಗಟ್ಟಲೆ ಜಾಸ್ತಿ ತಗೊಂಡ್ರೆ ಬಿಪಿ ಏರತ್ತೆ, ಪೊಟ್ಯಾಸಿಯಂ ಇಳಿಯತ್ತೆ. ದಾನ್‌ಶೆನ್, ದಾಂಗ್‌ಗುಯಿ ಅನ್ನೋ ಬೇರುಗಳು ಎರಡೂ ವಾರ್ಫರಿನ್ ಅನ್ನೋ ರಕ್ತ ತೆಳು ಮಾಡೋ ಮಾತ್ರೆ ಜೊತೆ ಸೇರಿದ್ರೆ ರಕ್ತಸ್ರಾವದ ಭಯ, ಗೋಜಿ ಕೂಡ ವಾರ್ಫರಿನ್ ಜೊತೆ ಸರಿ ಹೋಗಲ್ಲ. ಮಾಹುವಾಂಗ್ ಅಂತ ಕೆಮ್ಮು ದಮ್ಮಿನ ಗಿಡ ಇದೆ, 1885ರಲ್ಲಿ ಜಪಾನಿನ ನಾಗಾಯ್ ನಾಗಾಯೋಶಿ ಅದ್ರಿಂದಲೇ ಎಫೆಡ್ರಿನ್ ತೆಗೆದಿದ್ದು. ಹೃದಯಕ್ಕೆ ಅಪಾಯ ಅಂತ ಅಮೆರಿಕ 2004ರಲ್ಲಿ ಅದ್ರ ಸಪ್ಲಿಮೆಂಟ್‌ಗಳನ್ನ ನಿಷೇಧಿಸ್ತು. ಇನ್ನು ಆನ್‌ಲೈನಲ್ಲಿ ಸಿಗೋ ಹೆಸರಿಲ್ಲದ ಮಂಡಿನೋವಿನ ಕಪ್ಪು ಗುಳಿಗೆ ಎರಡೇ ದಿನಕ್ಕೆ ಮ್ಯಾಜಿಕ್ ಥರ ಕೆಲಸ ಮಾಡಿದ್ರೆ ಒಳಗೆ ಸ್ಟಿರಾಯ್ಡ್ ಇರ್ಬಹುದು ಅಂತ ತಿಳ್ಕೊಳ್ಳಿ, ಇಲ್ಲಿನ ಆರೋಗ್ಯ ಇಲಾಖೆ ಇಂಥವನ್ನ ಹಿಡೀತಾನೇ ಇರತ್ತೆ. ತಗೊಳ್ತಿರೋ ಎಲ್ಲದ್ರ ಫೋಟೋ ತೆಗೆದು ನಿಮ್ಮ ಡಾಕ್ಟರ್‌ಗೆ ತೋರ್ಸಿ. ಬೈದ್ರೆ ಬೈಸ್ಕೊಳ್ಳಿ.

ಗರ್ಭಿಣಿಯರು, ಕೂಸುಗಳು?

ಬೇಡ. ಹುವಾಂಗ್‌ಲಿಯಾನ್ ಅನ್ನೋ ಕಹಿ ಬೇರನ್ನ ಕೂಸುಗಳಿಗೆ ನೆಕ್ಕಿಸೋ ಪದ್ಧತಿ ಇತ್ತು, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರೋ ಮಕ್ಕಳಿಗೆ ಕಾಮಾಲೆ ಏರತ್ತೆ ಅಂತ ಸಿಂಗಾಪುರದಲ್ಲಿ 1978ರಿಂದ ಎಷ್ಟೋ ದಶಕ ಅದು ನಿಷೇಧ ಆಗಿತ್ತು. ಆ ಬೇರಲ್ಲಿರೋ ಬರ್ಬೆರಿನ್ ಅನ್ನೋ ಅಂಶ ನಮ್ಮ ಮರದರಿಶಿನದಲ್ಲೂ ಇದೆ.

ಅವರಲ್ಲೂ ಬಾಣಂತನ ಇದ್ಯಾ?

ಇದೆ, ಹೆಸರೇ ತಿಂಗಳು ಕೂರೋದು! ನನ್ನ ಮಗಳು ಹುಟ್ಟಿದಾಗ ಅಮ್ಮ ಊರಿಂದ ಬಂದಿದ್ರು, ಇಬ್ರೂ ಅಜ್ಜಿಯರಿಗೆ ಒಂದು ಶಬ್ದ ಭಾಷೆ ಬರಲ್ಲ, ಆದ್ರೂ ನನ್ನ ವಿರುದ್ಧ ಒಂದೇ ಪಾರ್ಟಿ. ತಣ್ಣೀರು ಮುಟ್ಬೇಡ, ಗಾಳಿಗೆ ಕೂರ್ಬೇಡ, ಕಾಲಿಗೆ ಸಾಕ್ಸ್ ಹಾಕು. ಜಗಳ ಬಂದಿದ್ದು ತಲೆ ಸ್ನಾನಕ್ಕೆ. ಆಂಟಿ ತಿಂಗಳು ಪೂರ್ತಿ ತಲೆಗೆ ನೀರು ಬೇಡ ಅಂತ, ಅಮ್ಮ ದಿನಾ ಎಣ್ಣೆ ಹಾಕಿ ಹಂಡೆಗಟ್ಟಲೆ ಬಿಸಿನೀರು ಹೊಯ್ಬೇಕು ಅಂತ. ಫ್ಲಾಟಲ್ಲಿ ಹಂಡೆ ಎಲ್ಲಿಂದ ಬರ್ಬೇಕು. ಕೊನೆಗೆ ಅಮ್ಮ ಬಕೆಟ್‌ಗಳಲ್ಲಿ ಸಾಧಿಸಿದ್ರು, ಆಂಟಿ ಆ ನೀರಿಗೆ ಶುಂಠಿ ಸಿಪ್ಪೆ ಕುದಿಸಿ ಹಾಕ್ಸಿ ಮಾನ ಉಳಿಸ್ಕೊಂಡ್ರು. ಅವರಲ್ಲಿ ಕುಡಿಯೋ ನೀರಿನ ಬದಲು ಕೆಂಪು ಖರ್ಜೂರದ ಟೀ, ಶುಂಠಿ ಎಳ್ಳೆಣ್ಣೆ ಹಾಕಿದ ಅಡುಗೆ, ಹಂದಿ ಕಾಲನ್ನ ಕಪ್ಪು ವಿನೆಗರು ಶುಂಠಿ ಮೊಟ್ಟೆ ಜೊತೆ ಬೇಯಿಸಿದ್ದು. ನಮ್ಮಲ್ಲಿ ಮೆಣಸಿನ ಸಾರು, ಅಂಟಿನುಂಡೆ. ಆಂಟಿಗೆ ಅಂಟಿನುಂಡೆ ಎಷ್ಟು ಹಿಡಿಸ್ತು ಅಂದ್ರೆ ಅಮ್ಮ ವಾಪಸ್ ಹೋಗೋ ಮುಂಚೆ ಅವರಿಗೇ ಅಂತ ಒಂದು ಡಬ್ಬ ಮಾಡಿಟ್ರು.

ಒಟ್ನಲ್ಲಿ ಇದು ಕೆಲಸ ಮಾಡತ್ತಾ ಇಲ್ವಾ?

ಒಂದು ಬೇರು ಹಿಡಿದು ಕೇಳಿ, ಹೇಳ್ಬಹುದು. ಎಲ್ಲಾ ಸೇರಿಸಿ ಕೇಳಿದ್ರೆ ಉತ್ತರ ಇಲ್ಲ. ಚೀನಾದ ವಿಜ್ಞಾನಿ ತೂ ಯೂಯೂ ಕಥೆ ಗೊತ್ತಿರ್ಬಹುದು. ವಿಯೆಟ್ನಾಂ ಯುದ್ಧದಲ್ಲಿ ಮಲೇರಿಯಾ ಕಾಟ, 1967ರ ಮೇ 23ಕ್ಕೆ ಚೀನಾ ಗುಟ್ಟಾಗಿ ಪ್ರಾಜೆಕ್ಟ್ 523 ಶುರು ಮಾಡ್ತು. ತೂ ಅವರ ತಂಡ ಹಳೇ ಪುಸ್ತಕಗಳನ್ನೆಲ್ಲ ಜಾಲಾಡಿ ಛಿಂಗ್‌ಹಾವ್ ಅನ್ನೋ ಗಿಡ ಹಿಡಿದ್ರು, ಆದ್ರೆ ಕುದಿಸಿ ತೆಗೆದ ಸಾರ ಒಂದ್ಸಲ ಕೆಲಸ ಮಾಡಿದ್ರೆ ಇನ್ನೊಂದ್ಸಲ ಇಲ್ಲ. ಆಗ ಅವರಿಗೆ ನಾಲ್ಕನೇ ಶತಮಾನದ ಗೆ ಹೋಂಗ್ ಬರೆದ ಸಾಲು ಹೊಳೀತು: ಒಂದು ಹಿಡಿ ಸೊಪ್ಪು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ. ಕುದಿಸು ಅಂತ ಇಲ್ವೇ ಇಲ್ಲ! ಬಿಸಿಗೆ ಗುಣ ಹಾಳಾಗ್ತಿತ್ತು. ಕಮ್ಮಿ ಶಾಖದಲ್ಲಿ ಈಥರ್ ಹಾಕಿ ತೆಗೆದ್ರು, 1971ರಲ್ಲಿ ಇಲಿಗಳ ಮಲೇರಿಯಾ ಪೂರ್ತಿ ಹೋಯ್ತು, ಮುಂದಿನ ವರ್ಷ ಮೊದಲು ತಾವೇ ಕುಡಿದು ನೋಡಿದ್ರು. 2015ರಲ್ಲಿ ನೊಬೆಲ್.

ಇದನ್ನ ಇಟ್ಕೊಂಡು ನೋಡಿ ಎಲ್ಲಾ ಪುರಾತನರಿಗೆ ಗೊತ್ತಿತ್ತು ಅನ್ನೋರು ಒಂದು ಮರೀತಾರೆ, ಆ ತಂಡ ನೂರಾರು ಗಿಡಗಳ ಸಾರ ಪರೀಕ್ಷೆ ಮಾಡಿ ಪಕ್ಕಕ್ಕೆ ಸರಿಸಿದ್ರು. ಮತ್ತೆ ಆ ಗಿಡದ ಟೀ ಕುಡಿದು ಮಲೇರಿಯಾ ವಾಸಿ ಮಾಡ್ಕೊಳ್ಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಲ್ಲ, ಅದ್ರಿಂದ ಬಂದ ಔಷಧಿಯ ಮಾತ್ರೆನೇ ಬೇಕು.

ಕಹಿ ತಡಿಯೋಕಾಗಲ್ಲ, ಸಕ್ಕರೆ ಹಾಕ್ಬಹುದಾ?

ಆಂಟಿ ಬಿಡಲ್ಲ. ಮೂಗು ಮುಚ್ಕೊಂಡು ಒಂದೇ ಗುಟುಕಿಗೆ ಅಂತಾರೆ. ಆದ್ರೆ ನಮ್ಮ ಕೆಳಗಿನ ಅಂಗಡಿ ಅಂಕಲ್ಲು ಔಷಧಿ ಪೊಟ್ಟಣ ಕಟ್ಟಿದ ಮೇಲೆ ಅದ್ರ ಮೇಲೊಂದು ಸಣ್ಣ ಕಾಗದದ ಸುರುಳಿ ಇಡ್ತಾರೆ, ಒಳಗೆ ಕೆಂಪನೆ ದುಂಡು ಬಿಲ್ಲೆಗಳು, ಹಾಥಾರ್ನ್ ಅನ್ನೋ ಹಣ್ಣಿಂದ ಮಾಡಿದ್ದು, ಹುಳಿ ಸಿಹಿ. ಕಷಾಯ ಕುಡಿದ ತಕ್ಷಣ ಬಾಯಿಗೆ ಹಾಕ್ಕೊಳ್ಳೋಕೆ. ನನ್ನ ಮಗಳು ಔಷಧಿ ತರೋಕೆ ನಾನೂ ಬರ್ತೀನಿ ಅಂತ ಓಡಿ ಬರೋದು ಅದಕ್ಕೇ, ಮನೆ ಮುಟ್ಟೋ ಹೊತ್ತಿಗೆ ಸುರುಳಿ ಖಾಲಿ, ಕಷಾಯ ಮಾತ್ರ ನನಗೆ.